ಹಸುವಿನ ಮೂಗಿನ ಮೇಲಿನ ಹನಿ

ಹತ್ತಿರ ಬನ್ನಿ ಮಕ್ಕಳೇ, ಇನ್ನೂ ಹತ್ತಿರ. ಇದು ಒಂದು ಮನೆಯ ಮಾನದ ವಿಷಯ, ಹೊಸ್ತಿಲು ದಾಟಬಾರದು. ದನಗಳ ಮುಂದಂತೂ ಬಾಯಿಬಿಡಬೇಡಿ, ಅವಕ್ಕೆ ಕಿವಿ ದೊಡ್ಡದು.

ಲೋಕ ಆಗಷ್ಟೇ ಒಲೆಯಿಂದ ಇಳಿಸಿದ ಹಾಗೆ ಬಿಸಿಬಿಸಿಯಾಗಿತ್ತು. ಆಗ ಹಸುವಿನ ಮೂಗು ಬಿಸಿಲಲ್ಲಿಟ್ಟ ಚಪ್ಪಲಿಯ ಹಾಗೆ ಯಾವಾಗಲೂ ಒಣಗಿಕೊಂಡೇ ಇರುತ್ತಿತ್ತು.

ಎಲ್ಲರಿಗಿಂತ ಮೊದಲು ಹಸು ಸಾಕಿದವಳು ದ್ಯಾವಮ್ಮ. ಹಸುವಿನ ಹೆಸರು ಕೆಂದಿ. ದ್ಯಾವಮ್ಮನಿಗೆ ಕೆಂದಿ ಅಂದರೆ ಪ್ರಾಣ. ಹೊಗಳಿಕೆ ಅಂದರೆ ಅದಕ್ಕಿಂತ ಒಂದು ತೂಕ ಹೆಚ್ಚು. ಕೊಂಬಿಗೆ ಬಣ್ಣ ಬಳಿದಳು, ಕೊರಳಿಗೆ ಗಂಟೆ ಕಟ್ಟಿದಳು, ಮುಂಗಾಲಿಗೆ ಗೆಜ್ಜೆಪಟ್ಟಿ ಬಿಗಿದಳು. ನೋಡಿದವರೆಲ್ಲ ಎಂಥ ಸುಖದ ಹಸುವಮ್ಮಾ ಅಂದರು. ದ್ಯಾವಮ್ಮ ಪೂರಿಯ ಹಾಗೆ ಉಬ್ಬಿದಳು.

ಪಟ್ಟಿಯ ಕೆಳಗೆ ಚರ್ಮ ಕಿತ್ತು ಹುಣ್ಣಾಯಿತು. ಕೆಂದಿ ಮೇವು ಬಿಟ್ಟಳು, ಮೆಲುಕು ಬಿಟ್ಟಳು. ಎಲ್ಲಿ ಸತ್ತೇಹೋಗುತ್ತಾಳೋ ಅಂತ ದ್ಯಾವಮ್ಮ ಗಾಬರಿಬಿದ್ದಳು. ದೃಷ್ಟಿಯಾಗಿದೆ ಅಂತ ನೀವಾಳಿಸಿದಳು, ಅದೇ ಕಾಲಿಗೆ ಇನ್ನೊಂದು ಸಾಲು ಗೆಜ್ಜೆ ಕಟ್ಟಿದಳು. ಏನು ಹೇಳೋಣ ಇವಳಿಗೆ.

ಯಾರ ಮುಂದೆಯೂ ಕುಂಟದ ಕೆಂದಿ ಹೊಳೆಯ ದಡದಲ್ಲಿ ತಡೆಯಲಾರದೆ ಒಂದು ಹೆಜ್ಜೆ ಕುಂಟಿದಳು.

“ಇಷ್ಟು ನೋವಿದ್ದರೆ ಕೂಗಬಾರದೇನೇ?” ಅಂತು ಹೊಳೆ.

“ಕೂಗಿದರೆ ಹುಲಿಗೆ ಕೇಳುತ್ತೆ ತಾಯಿ. ಕುಂಟಿದರೆ ಹುಲಿಗೆ ಕಾಣುತ್ತೆ.”

ಹೊಳೆ ಯೋಚಿಸಿತು. ಕೆಂದಿಯ ಮೂಗಿಗೆ ತಣ್ಣನೆಯ ಹನಿ ಚಿಮುಕಿಸಿತು. ನೀನು ಚೆನ್ನಾಗಿದ್ದರೆ ಇವು ನಿಲ್ಲುತ್ತವೆ, ಜ್ವರ ಬಂದು ಮೈ ಸುಟ್ಟರೆ ಆರುತ್ತವೆ. ದೂರದ ಹುಲಿಗೆ ಇದು ಕಾಣದು, ಹತ್ತಿರ ಬಂದು ಮುಟ್ಟಿದವರಿಗೆ ಮಾತ್ರ ತಿಳಿಯುತ್ತದೆ ಅಂತು. ಕೆಂದಿ ಕೊಟ್ಟಿಗೆ ಸೇರುವ ಮುಂಚೆಯೇ ಆ ಹನಿಗಳು ಆರಿಹೋದವು.

ನೀರಿಗೆ ಬಂದಿದ್ದ ಪಕ್ಕದ ಮನೆಯ ಪುಟ್ಟನಂಜಿ ಇದನ್ನೆಲ್ಲ ಕೇಳಿಸಿಕೊಂಡಿದ್ದಳು. ಕೊಡ ಅಲ್ಲೇ ಬಿಟ್ಟು ಹಿಂದೆಯೇ ಬಂದಳು. ಹತ್ತು ಹೆಂಗಸರು ಕೆಂದಿಯ ಕೊಂಬು ಹೊಗಳುತ್ತ ನಿಂತಿದ್ದರು. ಅವರ ಎದುರಿಗೇ ನಂಜಿ ಕೆಂದಿಯ ಮೂಗು ಮುಟ್ಟಿದಳು, ಒಣಗಿದ್ದು ಕಂಡು ಬಗ್ಗಿ ಪಟ್ಟಿ ಬಿಚ್ಚಿದಳು. ಕೀವು ಸುರಿಯಿತು. ಹತ್ತೂ ಜನ ಸೆರಗಲ್ಲಿ ಮೂಗು ಮುಚ್ಚಿಕೊಂಡು ಹೊರಟವರು, ಸಂಜೆಯೊಳಗೆ ಊರಿಗೆಲ್ಲ ಸುದ್ದಿ ಹಂಚಿದರು.

ದ್ಯಾವಮ್ಮ ಅಳುತ್ತಲೇ ಹುಣ್ಣು ತೊಳೆದಳು. ಅರಿಶಿನ, ಬೇವಿನೆಣ್ಣೆ ಹಚ್ಚಿದಳು. ಒಂಬತ್ತು ದಿನ ಕೊಟ್ಟಿಗೆ ಬಿಟ್ಟು ಏಳಲಿಲ್ಲ. ಹತ್ತನೆಯ ದಿನ ಒದ್ದೆ ಮೂಗೊಂದು ಅವಳ ಕೆನ್ನೆಗೆ ತಣ್ಣಗೆ ತಾಗಿತು.

ಅದಕ್ಕೇ ಇವತ್ತಿಗೂ ಹುಷಾರಾಗಿರುವ ಹಸುವಿನ ಮೂಗಿನ ಮೇಲೆ ಸಣ್ಣ ಸಣ್ಣ ಹನಿ ನಿಂತಿರುತ್ತವೆ, ಬೇಕಾದರೆ ಹೋಗಿ ಮುಟ್ಟಿ ನೋಡಿ.

ಆ ಬಿಚ್ಚಿದ ಗೆಜ್ಜೆ ಏನಾಯಿತು ಅಂತೀರಾ? ನಂಜಿ ಅದನ್ನು ತೊಳೆದು ದ್ಯಾವಮ್ಮನ ಕೈಗಿಟ್ಟು, ಮುಖಕ್ಕೇ ಅಂದಳಂತೆ:

“ಇದನ್ನ ನೀನೇ ಕಟ್ಕೋ ಅತ್ತಿಗೆ. ನಿನಗೆ ಬಾಯಿದೆ, ನೋವಾದರೆ ಹೇಳ್ತೀಯ.”