ನಿಲುವಂಗಿರಾಯನ ಸಾರಿನ ಕಲೆ

ಒಂದಾನೊಂದು ಊರಿನಲ್ಲಿ, ಊರಿನ ಹೆಸರು ಮಾತ್ರ ಕೇಳಬೇಡಿ, ಆ ಊರಿಗೇ ಅದು ನೆನಪಿಲ್ಲ, ನಿಲುವಂಗಿರಾಯ ಅಂತ ಒಬ್ಬ ರಾಜ ಇದ್ದ. ಬಿಳೀ ನಿಲುವಂಗಿ ಯಾರ ಮೈಮೇಲಿದೆಯೋ ಅವನೇ ರಾಜ, ಇದು ಅಲ್ಲಿಯ ಕಾನೂನು. ಹಾಗಾಗಿ ಪಟ್ಟಕ್ಕೆ ಬಂದವನು ಅದನ್ನು ಬಿಚ್ಚಿಯೇ ಇರಲಿಲ್ಲ. ನಿದ್ದೆಗೂ ಅದೇ, ಸ್ನಾನಕ್ಕೂ ಅದೇ. ಮೂಗು ಮುಚ್ಚಿಕೊಳ್ಳಬೇಡಿ, ಕತೆ ಕೇಳಿ.

ಪಟ್ಟದ ದಿನ ಊಟಕ್ಕೆ ಕೂತಾಗ ಅಂಗಿಯ ಬಲತೋಳಿಗೆ ಸಾರು ಚೆಲ್ಲಿತ್ತು. ಬಾಲವಿಲ್ಲದ ಹಲ್ಲಿಯ ಹಾಗೆ ಒಂದು ಕಲೆ. ಪ್ರತಿ ಸೋಮವಾರ ರಾಜ ಕೆರೆಯ ಹತ್ತಿರ ಬಂದು ಅಗಸಗಿತ್ತಿ ಮಾಚಮ್ಮನ ಒಗೆಯೋ ಕಲ್ಲಿನ ಮೇಲೆ ತೋಳು ಚಾಚುತ್ತಿದ್ದ. ಮಾಚಮ್ಮ ರಾಜನನ್ನು ಬಿಟ್ಟು ತೋಳನ್ನಷ್ಟೇ ಉಜ್ಜುತ್ತಿದ್ದಳು. ಹೀಗೆ ಹನ್ನೊಂದು ವರ್ಷ ಉಜ್ಜಿದಳು.

"ಮಾಚೀ, ಇದು ಹೋಗ್ತದೋ ಇಲ್ವೋ?"

"ಇವತ್ತು ಹೋಗ್ತದೆ ಬುದ್ಧೀ, ನಿಂಬೆಹಣ್ಣು ತಂದಿದ್ದೀನಿ," ಅಂತ ಅವಳು ಮಡಿಲಿಗೆ ಕೈ ಹಾಕಿದಳು.

ಅಷ್ಟರಲ್ಲಿ ಎರಡು ವಾಷಿಂಗ್ ಮಷೀನುಗಳು ಅದುರಿಕೊಂಡು ಅದುರಿಕೊಂಡು ತಾವೇ ನಡೆದು ಬಂದವು. ಎರಡಕ್ಕೂ ಹೊಟ್ಟೆಯ ಮೇಲೆ ಗಾಜಿನ ಬಾಗಿಲು. ಮಾಚಮ್ಮ ಬೆಚ್ಚಿಬಿದ್ದು ಬಾಯಿ ತೆರೆದಳು. ಆ ಬಾಯಿ ಮತ್ತೆ ಮುಚ್ಚಲಿಲ್ಲ.

ಮೊದಲನೇದು ಹೇಳಿತು, "ನನ್ನ ಮೋಟರು ಕೆಳಗೆ, ಡ್ರಮ್ಮು ಮೇಲೆ. ನಡುವೆ ಬೆಲ್ಟು. ಮೋಟರು ಬೆಲ್ಟನ್ನು ಎಳೆಯುತ್ತೆ, ಬೆಲ್ಟು ಡ್ರಮ್ಮನ್ನು ತಿರುಗಿಸುತ್ತೆ."

ಎರಡನೇದು ಮೂಗು ಮುರಿಯಿತು. "ನಡುವೆ ದಲ್ಲಾಳಿ ಯಾಕೆ? ನನ್ನ ಮೋಟರು ಡ್ರಮ್ಮಿನ ಬೆನ್ನಿಗೇ ಅಂಟಿಕೊಂಡಿದೆ."

"ನೀರೆಷ್ಟು ಕುಡೀತೀರಿ?" ಅಂತ ರಾಜ ಕೇಳಿದ.

"ನಾಲ್ಕು ಬಿಂದಿಗೆ."

"ನನಗೆ ಮೂರು."

"ನನಗೆ ಒಂದು ಚೆಂಬು."

"ನನಗೆ ಒಂದು ಉದ್ಧರಣೆ."

"ನನಗೆ ಒಂದು ಹನಿ."

"ನನಗೆ ನೀರೇ ಬೇಡ," ಅಂದಿತು ಎರಡನೇದು. "ನೀರು ಕಮ್ಮಿಯಾದಷ್ಟೂ ಜಾಸ್ತಿ ತಿರುಗ್ತೀನಿ. ನೀರೇ ಇಲ್ಲ ಅಂದರೆ ಲೆಕ್ಕವೇ ಇಲ್ಲದಷ್ಟು ತಿರುಗ್ತೀನಿ. ಒಂದು ಗುಟುಕು ಕುಡಿದರೆ ಅಲ್ಲೇ ಸೋತೆ ಅಂತ ಬರೆದುಕೊಳ್ಳಿ."

ರಾಜ ಆಳುಗಳ ಜೊತೆ ಪಕ್ಕದಲ್ಲಿ ನಿಂತಿದ್ದ ಮಂತ್ರಿಗೆ ಹೇಳಿದ, "ಹಾಗಾದರೆ ಈ ಕಲ್ಲು ಯಾಕೆ? ಸಂಜೆಯೊಳಗೆ ಒಡೆಸಿ ಜಲ್ಲಿ ಮಾಡಿಸಿ."

ಮಾಚಮ್ಮ ಕಲ್ಲಿಗೆ ಅಡ್ಡ ನಿಂತಳು. ಅವಳ ಅಜ್ಜಿ ಸವೆಸಿದ ಕಲ್ಲು, ಅವ್ವ ಸವೆಸಿದ ಕಲ್ಲು. "ಅದು ಹೋದರೆ ನಾನೆಲ್ಲಿ ನಿಲ್ಲಲಿ ಬುದ್ಧೀ?" ಅಂದಳು. ರಾಜನಿಗೆ ಕೇಳಿಸಲಿಲ್ಲ.

ಅಂಗಿ ಬಿಚ್ಚಿದರೆ ಪಟ್ಟ ಹೋಯಿತು. ಬಿಚ್ಚದಿದ್ದರೆ ಒಗೆಯೋದು ಹೇಗೆ? ರಾಜ ಅಂಗಿಯ ಸಮೇತ ಮೊದಲನೇ ಮಷೀನಿನೊಳಗೆ ಹೊಕ್ಕ. ಅರ್ಧ ಸುತ್ತಿಗೇ ಬೆಲ್ಟು ಪಟ್ಟಂತ ಹರಿಯಿತು. ರಾಜ ಹೊರಗೆ ಬಂದು ಎರಡನೇದರೊಳಗೆ ಹೊಕ್ಕ.

ಅದು ತಿರುಗಿತು. ತಿರುಗಿತು ಅಂದರೆ ಎಂಥ ತಿರುಗು! ಹರಿಯೋದಕ್ಕೆ ಬೆಲ್ಟಿಲ್ಲ, ಹಾಗಾಗಿ ನಿಲ್ಲೋದಕ್ಕೆ ಕಾರಣವೂ ಇಲ್ಲ. ಗಾಜಿನಲ್ಲಿ ರಾಜನ ಮುಖ ಬಂತು, ಹೋಯಿತು, ಬಂತು, ಹೋಯಿತು. ಒಂದೊಂದು ಸಲ ಬಂದಾಗಲೂ ಒಂದೊಂದು ಕಮ್ಮಿ. ಮೊದಲು ಹುಬ್ಬು ಹೋಯಿತು. ಆಮೇಲೆ ಮೀಸೆ ಬಾಗಿಲ ಸಂದಿಯಿಂದ ಹಾರಿ ಬಂದು ಮಂತ್ರಿಯ ಮೂಗಿನ ಕೆಳಗೆ ಕೂತಿತು. ಆಮೇಲೆ ರಾಜನ ಹೆಸರೇ ಉದುರಿ ಕೆರೆಗೆ ಬಿತ್ತು, ಒಂದು ಮೀನು ಅದನ್ನು ನುಂಗಿತು. ಹೀಗೇ ಬಿಟ್ಟರೆ ಒಳಗಿರೋ ಮನುಷ್ಯ ಪೂರ್ತಿ ಖಾಲಿಯಾಗ್ತಾನೆ ಅಂತ ಮಾಚಮ್ಮನಿಗೆ ಹೊಳೆಯಿತು.

ಬಾಗಿಲು ತೆರೆಯೋಣ ಅಂದರೆ ಬೀಗ ಬಿದ್ದಿತ್ತು. ಅವಳು ಒಂದು ಬಿಂದಿಗೆ ನೀರು ತಂದು, ಸೋಪಿನ ಪುಡಿ ಹಾಕೋ ಗೂಡಿಗೆ ಗಳಗಳ ಸುರಿದಳು.

"ಅಯ್ಯೋ ತಾಯಿ, ಕುಡಿಸಿಬಿಟ್ಟೆಯಲ್ಲ, ಸೋತೆ," ಅಂತ ಮಷೀನು ಮುಖ ಊದಿಸಿಕೊಂಡು ನಿಂತುಬಿಟ್ಟಿತು. ಬಾಗಿಲು ಟಕ್ಕೆಂದು ತೆರೆಯಿತು.

ಹೊರಗೆ ಬಂದವನು ಯಾರು? ತಲೆ ಬೋಳು, ಮುಖ ಬೋಳು. ಅಂಗಿಯ ಜರತಾರಿ ಇಲ್ಲ, ಗುಂಡಿ ಇಲ್ಲ. ಅಂಗಿಯ ಒಳಗಡೆ, ಯಾರ ಬಟ್ಟೆ ಅಂತ ತಿಳಿಯೋದಕ್ಕೆ ಮಾಚಮ್ಮನ ಅಜ್ಜಿ ಕರಿಗೇರು ಬೀಜದ ರಸದಲ್ಲಿ ಹಾಕಿದ ಅಗಸರ ಗುರುತೂ ಇಲ್ಲ. ಜನ್ಮದಲ್ಲಿ ಹೋಗದ ಗುರುತು ಅದು.

ಮಂತ್ರಿ ಹೊಸ ಮೀಸೆ ತೀಡಿದ. "ಇದು ನಿಲುವಂಗಿಯಲ್ಲ, ಯಾವುದೋ ಹಳೇ ಬನೀನು. ಇವನನ್ನು ಕೆರೆಗೆ ಎಸೀರಿ."

ಸುಮ್ಮನಿದ್ದರೆ ರಾಜನೂ ಇಲ್ಲ, ರಾಜನ ಅಪ್ಪಣೆಯೂ ಇಲ್ಲ, ಕಲ್ಲು ಉಳಿಯುತ್ತಿತ್ತು. ಮಾಚಮ್ಮ ಬಾಯಿ ಮುಚ್ಚಿಕೊಳ್ಳೋಣ ಅಂದುಕೊಂಡಳು. ಆದರೆ ಒಬ್ಬರ ಬಟ್ಟೆಯನ್ನು ಇನ್ನೊಬ್ಬರಿಗೆ ಕೊಟ್ಟ ವಂಶವಲ್ಲ ಅವಳದು. ಮೇಲಾಗಿ ಬಾಯಿ ಬೆಳಿಗ್ಗೆಯಿಂದ ತೆರೆದೇ ಇತ್ತು, ಮಾತು ತಾನಾಗಿ ಹೊರಗೆ ಬಿತ್ತು.

"ನಿಲ್ಲಿ. ಆ ಬಲತೋಳು ನೋಡಿ. ಬಾಲವಿಲ್ಲದ ಹಲ್ಲಿ, ಅದರ ಎಡಗಾಲು ಗಿಡ್ಡ. ಹನ್ನೊಂದು ವರ್ಷ ಉಜ್ಜಿದ್ದೀನಿ, ನನಗೆ ಗೊತ್ತಾಗಲ್ವಾ? ಇವರೇ ನಮ್ಮ ಬುದ್ಧಿಯೋರು."

ಎಲ್ಲರೂ ನೋಡಿದರು. ಎಲ್ಲ ಹೋಗಿತ್ತು, ಸಾರಿನ ಕಲೆ ಮಾತ್ರ ಇತ್ತು. ಮಂತ್ರಿ ಮೆಲ್ಲಗೆ ಮೀಸೆ ಕಿತ್ತು ರಾಜನ ಕೈಗಿಟ್ಟ.

ರಾಜ ತೋಳು ನೋಡಿಕೊಳ್ಳುತ್ತ ಕೇಳಿದ, "ಮಾಚಮ್ಮಾ, ಈ ಕಲೆಯೂ ಹೋಗಿದ್ದಿದ್ದರೆ?"

"ನೀವೂ ಹೋಗ್ತಿದ್ರಿ, ಬುದ್ಧೀ."

"ಕಲ್ಲು ಅಲ್ಲೇ ಇರಲಿ," ಅಂದ ರಾಜ. ಗುಂಡಿ ಇಲ್ಲದ ಅಂಗಿಗೆ ಹರಿದ ಬೆಲ್ಟನ್ನೇ ನಡುಪಟ್ಟಿ ಕಟ್ಟಿಕೊಂಡ. ಆಗ ಅವಳ ಮಡಿಲಿನ ಗಂಟು ಕಣ್ಣಿಗೆ ಬಿತ್ತು. "ಅದೇನು?"

"ನಿಂಬೆಹಣ್ಣು, ಬುದ್ಧೀ."

ರಾಜ ತೋಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ. ಮಾಚಮ್ಮ ಮನೆಗೆ ಹೋಗಿ ಆ ಹಣ್ಣನ್ನು ಉಪ್ಪಿನಕಾಯಿ ಹಾಕಿದಳು.

ಇದರ ನೀತಿ ಏನು ಅಂತೀರಾ? ಮಷೀನಿನೊಳಗೆ ಹೋಗೋ ರಾಜರು ಮೊದಲು ಬೆಲ್ಟು ಇದೆಯಾ ಅಂತ ಬಗ್ಗಿ ನೋಡಬೇಕು. ಕತೆ ಒಣಗಿತು, ನಿಮ್ಮ ನಿಮ್ಮ ಬಟ್ಟೆ ಗುರುತು ನೋಡಿ ತಗೊಂಡು ಹೊರಡಿ.