ಎರಡನೇ ಪೆಟ್ಟು

ಸುರುಳಿಯಾಗಿ ಮಲಗಿದ್ದ ಕಬ್ಬಿಣದ ತಂತಿ ತಾನೊಂದು ನದಿಯೆಂದು ಕನಸು ಕಾಣುತ್ತಿತ್ತು. ಎರಡು ಪಟ್ಟಿಗಳನ್ನು ಸೇರಿಸಿ ಬಿಗಿಯುವ ತಲೆಯುಳ್ಳ ಮೊಳೆಯನ್ನು, ಅಂದರೆ ರಿವೆಟ್ ಅನ್ನು, ಮಾಡುವ ಯಂತ್ರ ಅದರ ತುದಿಯನ್ನು ಎಳೆದು, ಬೆರಳುದ್ದದ ತುಂಡು ಕತ್ತರಿಸಿ ಅಚ್ಚಿನೊಳಗೆ ನಿಲ್ಲಿಸಿತು.

“ಬೆಂಕಿಯಲ್ಲಿ ಕಾಯಿಸುವುದಿಲ್ಲವೇ?” ಎಂದು ತುಂಡು ಕೇಳಿತು.

“ಇಲ್ಲ. ತಣ್ಣಗಿರುವಾಗಲೇ ಎರಡು ಪೆಟ್ಟು ಕೊಡುತ್ತೇನೆ. ನಿನ್ನಿಂದ ಚೂರೂ ಕೆತ್ತುವುದಿಲ್ಲ. ನಿನ್ನದೇ ಮೈ ಅಗಲವಾಗಿ ತಲೆಯಾಗುತ್ತದೆ,” ಎಂದಿತು ಯಂತ್ರದ ಸುತ್ತಿಗೆ.

ಮೊದಲ ಪೆಟ್ಟಿಗೆ ತುದಿ ಮೊಗ್ಗಿನಂತೆ ಉಬ್ಬಿತು.

“ಎಷ್ಟು ಚೆಂದ! ನನಗೆ ಇಷ್ಟೇ ಸಾಕು,” ಎಂದು ತುಂಡು ಅಚ್ಚಿನಿಂದ ಜಾರಿ, ಸಿದ್ಧವಾದ ರಿವೆಟ್‌ಗಳ ಬುಟ್ಟಿಗೆ ಹಾರಿತು.

ಆ ಬುಟ್ಟಿಯ ರಿವೆಟ್‌ಗಳನ್ನು ಕೊಂಡುತಂದ ಬಡಗಿ ಮೌನೇಶಪ್ಪ ಮೊಮ್ಮಗಳ ತೊಟ್ಟಿಲು ಜೋಡಿಸುವಾಗ ಆ ತುಂಡನ್ನೇ ಕೊಂಡಿಯ ತೂತಿಗೆ ಹಾಕಿದ. ಅದು ಎಲ್ಲಿಯೂ ತಡೆಯದೆ ಆಚೆ ಜಾರಿ ನೆಲಕ್ಕೆ ಬಿತ್ತು.

“ಇದರ ತಲಿ ಇನ್ನಾ ಅರಳಿಲ್ಲ,” ಎಂದು ಗೊಣಗಿದ ಮೌನೇಶಪ್ಪ ಅದನ್ನು ಕಿಟಕಿಯಲ್ಲಿಟ್ಟು, ಬೇರೊಂದು ರಿವೆಟ್ ಹಾಕಿ ಬಿಗಿದ.

ಆ ಸಂಜೆ ತೊಟ್ಟಿಲು ತೂಗಿತು. ಕೂಸು ನಿದ್ದೆಹೋಯಿತು. ಕಿಟಕಿಯಲ್ಲಿದ್ದ ತುಂಡು ತೊಟ್ಟಿಲ ರಿವೆಟ್ ಅನ್ನು ಕೇಳಿತು:

“ಎರಡನೇ ಪೆಟ್ಟು ಬಹಳ ನೋಯಿತೇ?”

“ನೆನಪಿಲ್ಲ,” ಎಂದಿತು ರಿವೆಟ್. “ಮೆಲ್ಲಗೆ ಮಾತಾಡು, ಕೂಸು ಮಲಗಿದೆ.”