ಎಲೆಗೆ ಅಡ್ಡ ಹಿಡಿದ ಕೈ

ಆಪ್ ತಯಾರಿಸುವ ಸಾಫ್ಟ್‌ವೇರನ್ನು ಒಂದೇ ಸಲದ ಬೆಲೆಗೆ ಮಾರಿದ್ದ ಕಂಪನಿ, ಅದರಲ್ಲಿ ಈಗಾಗಲೇ ಮಾಡಿದ್ದ ಹಳೆಯ ಆಪ್‌ಗಳಿಗೂ ಇನ್ನು ತಿಂಗಳ ಬಾಡಿಗೆ ಕೊಡಬೇಕೆಂದಿತು. ಕೊಂಡವರೆಲ್ಲ ರೇಗಿದರು. ಭಾಗೀರಥಿಯಂತೂ ಬಾಡಿಗೆ ಕಟ್ಟಲಾಗದೆ, ಬಸ್ ಸಮಯ ತಿಳಿಸುವ ತನ್ನ ಪುಟ್ಟ ಆಪನ್ನೇ ಮುಚ್ಚಬೇಕಾಗುತ್ತಿತ್ತು. ಕಂಪನಿಯ ಮಾಲೀಕ ವಾಮನಮೂರ್ತಿ ಸಮಾಧಾನಕ್ಕೆಂದು ಎಲ್ಲರನ್ನೂ ಊಟಕ್ಕೆ ಕರೆದರು.

ಎಲೆಗೆ ಅನ್ನ, ಸಾರು ಬಿತ್ತು. ಎಲ್ಲರಿಗೂ ತುಪ್ಪ ಬಡಿಸದೆ ಪಂಕ್ತಿಯಲ್ಲಿ ಯಾರೂ ಊಟ ಶುರು ಮಾಡುವಂತಿಲ್ಲ. ತುಪ್ಪ ಬಂದಾಗ ಭಾಗೀರಥಿ ಎಲೆಗೆ ಕೈ ಅಡ್ಡ ಹಿಡಿದಳು. ಪಂಕ್ತಿಯೆಲ್ಲ ಹಾಗೇ ಮಾಡಿತು.

"ಯಾಕಮ್ಮ? ಊಟ ಪುಕ್ಕಟೆ," ಎಂದರು ಮಾಲೀಕರು.

"ಈಗ ಪುಕ್ಕಟೆ ಸರ್. ಉಂಡ ಮೇಲೆ ನೀವು ಮಾತು ಬದಲಿಸಿದರೆ ಹೊಟ್ಟೆಗೂ ಬಾಡಿಗೆ ಕಟ್ಟಬೇಕಾದೀತು."

ಪಂಕ್ತಿ ನಕ್ಕಿತು. ಅದೇ ಪಂಕ್ತಿಯಲ್ಲಿ ಕೂತಿದ್ದ ಮಾಲೀಕರಿಗೂ ಹಸಿವಾಗಿತ್ತು. ಸಾರು ಆರುತ್ತಿತ್ತು.

"ಹಳೆಯದಕ್ಕೆ ಬಾಡಿಗೆ ಇಲ್ಲ. ಈಗಲೇ ಬರೆದುಕೊಡುತ್ತೇನೆ."

ಸಹಿ ಬಿದ್ದ ಮೇಲೆ ಭಾಗೀರಥಿ ಕೈ ತೆಗೆದಳು.

"ತುಪ್ಪ ಸ್ವಲ್ಪ ಜಾಸ್ತಿ ಹಾಕಿ," ಎಂದಳು.